ಜೌಗು ದಾಟಿದ ಮೆಷಿನ್ ಗನ್

ತೈಪಿಂಗ್
ಮಾರ್ಚ್ 6, 1983

ಶ್ರೀ ಲೂಕಸ್ ಜೆರಿಪ್ ಅವರಿಗೆ,

ನಿಮ್ಮ ಪತ್ರ ಬಂತು. ಅಕ್ಷರ ದುಂಡಗಿದೆ, ತಪ್ಪುಗಳಿಲ್ಲ, ವಿನಯ ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾಗಿದೆ. ನನ್ನ ಮಗಳು ಬರ್ನೀಸ್ ನಿಮ್ಮ ಕುಚಿಂಗಿನ ಶಾಲೆಯಲ್ಲಿ ಟೀಚರಾಗಿದ್ದ ಎರಡು ವರ್ಷದಲ್ಲಿ ಐದು ಸಲ ಕನ್ನಡಕ ಮುರಿದುಕೊಂಡಳು. ಇಲ್ಲಿ ಮನೆಯಲ್ಲಿದ್ದಾಗ ಒಂದೇ ಕನ್ನಡಕದಲ್ಲಿ ಕಾಲೇಜು ಮುಗಿಸಿದವಳು. ನೀವು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ ಎಂದು ಗೊತ್ತಾದ ದಿನ ನನ್ನ ಹೆಂಡತಿ ಅಡೆಲಿನ್ ನಕ್ಕು ನಕ್ಕು ಸುಸ್ತಾದಳು. ನನಗೆ ನಗು ಬರಲಿಲ್ಲ.

ಬರುವ ಡಿಸೆಂಬರಿನಲ್ಲಿ ಮದುವೆಗೆ ಒಪ್ಪಿಗೆ ಕೇಳಿದ್ದೀರಿ. ನಾನು ಒಪ್ಪದಿದ್ದರೂ ಬರ್ನೀಸ್ ಮದುವೆಯಾಗುವುದು ನಿಮ್ಮನ್ನೇ ಅಂತೆ. ಆದರೆ ನಾನು ಮನಸಾರೆ ಹೂಂ ಅನ್ನುವವರೆಗೆ ಚರ್ಚಿನಲ್ಲಿ ದಿನ ಗೊತ್ತುಮಾಡುವುದಿಲ್ಲವಂತೆ. ಇದು ನನಗೆ ಕೊಟ್ಟ ಮರ್ಯಾದೆಯೋ ನನ್ನ ಕುತ್ತಿಗೆಗೆ ಕಟ್ಟಿದ ಕಲ್ಲೋ ತಿಳಿಯುತ್ತಿಲ್ಲ. ಮಲಯಾ ರೈಲ್ವೆಯಲ್ಲಿ ಮೂವತ್ತು ವರ್ಷ ಸ್ಟೇಷನ್ ಮಾಸ್ಟರಾಗಿದ್ದವನು ನಾನು. ಹಸಿರು ಬಾವುಟವನ್ನು ಯಾರಿಗೂ ಸುಮ್ಮನೆ ಬೀಸಿದವನಲ್ಲ.

ಆದ್ದರಿಂದ ನೀವು ನನ್ನೊಡನೆ ಒಂದು ಆಟ ಆಡಬೇಕು. ನನ್ನ ಹಿಂದಿನ ಕೋಣೆಯಲ್ಲಿ ಪಿಂಗ್‌ಪಾಂಗ್ ಮೇಜಿನಷ್ಟು ಅಗಲದ ಕಾಡಿದೆ. ತಂತಿ ಮತ್ತು ತೆಂಗಿನ ನಾರಿನ ಮರಗಳು, ಬೆರಳ ತುದಿಯಷ್ಟು ಎತ್ತರದ ಸೀಸದ ಸೈನಿಕರು. ಈ ಪತ್ರದ ಜೊತೆ ಪಾರ್ಸೆಲ್ ಕಳಿಸಿದ್ದೇನೆ: ಕಾಡಿನ ನಕ್ಷೆ, ನಿಮ್ಮ ಹನ್ನೆರಡು ಸೈನಿಕರು, ಔಷಧದ ಪೆಟ್ಟಿಗೆಗಳು, ಎರಡು ದಾಳ. ದೋಣಿಕಟ್ಟೆಯಿಂದ ಹೊರಟು ಗುಡ್ಡದ ಠಾಣೆಗೆ ಔಷಧ ಮುಟ್ಟಿಸುವುದು ನಿಮ್ಮ ಕೆಲಸ. ಒಂದೇ ಒಂದು ಪೆಟ್ಟಿಗೆ ತಲುಪಿದರೂ ಗೆದ್ದಿರಿ. ನಾನು ಕಾಡಿನಲ್ಲಿ ಅಡಗಿರುತ್ತೇನೆ. ನನ್ನವು ಎರಡು ತಂಡ. ಒಂದರ ಬಳಿ ಮೆಷಿನ್ ಗನ್, ಇನ್ನೊಂದರಲ್ಲಿ ಆರು ಬಂದೂಕು. ಒಂದು ಪತ್ರಕ್ಕೆ ಒಂದು ನಡೆ. ದಾರಿಯಲ್ಲಿ ಮೂರು ಚೌಕ, ಕಾಡಿನೊಳಗೆ ಒಂದು. ಜೌಗಿನಲ್ಲಿ ಒಂದು ಚೌಕ ದಾಟಲು ಎರಡು ನಡೆ ಬೇಕು.

ಇನ್ನು ನಮ್ಮ ಮನೆಯ ಎರಡು ಕಟ್ಟಳೆಗಳು. ಅಡಗಿರುವವರು ಎಲ್ಲಿದ್ದಾರೆಂದು ನಾವು ಎಲ್ಲೂ ಬರೆದಿಡುವುದಿಲ್ಲ. 'ನನ್ನವರು ಇಲ್ಲಿದ್ದರು' ಎಂದರೆ ಇದ್ದರು, ಅಷ್ಟೇ. ಮತ್ತು ಗುಂಡು ಹಾರಿಸುವವನ ದಾಳವನ್ನು ಗುಂಡು ತಿನ್ನುವವನೇ ಉರುಳಿಸಬೇಕು. ದೂರದಿಂದಾದರೆ ಒಂದು ದಾಳ, ಹತ್ತಿರದಿಂದಾದರೆ ಎರಡು. ಎಷ್ಟು ಬಿತ್ತೋ ಅಷ್ಟು ಜನ ಮಲಗಿದರು.

ಗೆದ್ದರೆ ಡಿಸೆಂಬರಿನಲ್ಲಿ ಮದುವೆ. ಸೋತರೆ ಒಂದು ವರ್ಷ ಕಾದು ಮತ್ತೆ ಆಟ. ಬರ್ನೀಸ್ ನಿಮಗೆ ಹೇಳಿಕೊಡಕೂಡದು ಎಂದು ಮಾತು ತೆಗೆದುಕೊಂಡಿದ್ದೇನೆ. ಅವಳು ಏಳನೆಯ ವಯಸ್ಸಿನಿಂದ ಈ ಮೇಜಿನ ಎದುರು ಕೂತು ನನ್ನನ್ನು ಸೋಲಿಸುತ್ತ ಬಂದವಳು. ನೀವೋ ಕಡಲಾಚೆಯ ಸರವಾಕಿನವರು, ಕಾಡಿನಲ್ಲೇ ಕಣ್ಣುಬಿಟ್ಟವರು. ನಿಮ್ಮನ್ನು ಹಗುರವಾಗಿ ನೋಡುವ ತಪ್ಪು ನಾನು ಮಾಡಲಾರೆ.

ಇತಿ,
ಒಸ್ವಾಲ್ಡ್ ಥೆಸೈರಾ

*

ಕುಚಿಂಗ್
ಮಾರ್ಚ್ 20, 1983

ಮಾನ್ಯ ಥೆಸೈರಾ ಅವರಿಗೆ,

ಪಾರ್ಸೆಲ್ ಸುರಕ್ಷಿತವಾಗಿ ತಲುಪಿತು. ಒಬ್ಬ ಸೈನಿಕನ ಬಂದೂಕು ದಾರಿಯಲ್ಲಿ ಬಾಗಿತ್ತು, ಕನ್ನಡಕದ ಕಡ್ಡಿ ನೆಟ್ಟಗೆ ಮಾಡುವ ಇಕ್ಕಳದಿಂದ ಸರಿಮಾಡಿದ್ದೇನೆ. ಇವರಿಗೆಲ್ಲ ಬಣ್ಣ ಹಚ್ಚಿದ್ದು ಬರ್ನೀಸ್ ಎಂದು ಗೊತ್ತು. ಭೂತಗನ್ನಡಿ ಹಿಡಿದು ನೋಡಿದರೆ ಒಬ್ಬೊಬ್ಬನಿಗೂ ಹುಬ್ಬು ಬರೆದಿದ್ದಾಳೆ. ಇಂಥವರನ್ನು ಗುಂಡಿನೆದುರು ನಿಲ್ಲಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಅಂಗಡಿಯಲ್ಲಿ ನಕ್ಷೆ ಬಿಡಿಸಿದಾಗ ನಮ್ಮ ಮಾಲೀಕರಾದ ಫೂ ಅವರು ಬಗ್ಗಿ ನೋಡಿ, "ಏನಯ್ಯಾ, ಈ ವಯಸ್ಸಿಗೆ ಗೊಂಬೆಯಾಟ ಶುರು ಮಾಡ್ದೆಯಾ?" ಎಂದರು.

"ಹೆಣ್ಣಿನ ಮನೆಯವರ ಪರೀಕ್ಷೆ ಸಾರ್."

"ಹೌದಾ? ಹಾಗಾದ್ರೆ ಆ ಕಿಟಕಿ ಪಕ್ಕದ ಮೇಜು ತಗೋ. ಬೆಳಕು ಚೆನ್ನಾಗಿದೆ. ಯಾವನಾದ್ರೂ ಮುಟ್ಟಿದ್ರೆ ನನಗೆ ಹೇಳು."

ನಿಮ್ಮ ಕಟ್ಟಳೆಗಳು ನನಗೆ ಒಪ್ಪಿಗೆ. ಮೊದಲ ನಡೆ: ದೋಣಿಕಟ್ಟೆಯಿಂದ ಹೊರಟು ಹದಿನಾಲ್ಕು, ಹದಿನೈದು, ಹದಿನಾರನೆಯ ಚೌಕ.

ತಮ್ಮ ವಿಧೇಯ,
ಲೂಕಸ್ ಜೆರಿಪ್

*

ತೈಪಿಂಗ್
ಏಪ್ರಿಲ್ 3, 1983, ಈಸ್ಟರ್ ಭಾನುವಾರ

ಶ್ರೀ ಜೆರಿಪ್,

ನಿಮ್ಮ ನಡೆ ಓದಿ ಕುರ್ಚಿಯಿಂದ ಎದ್ದು ನಿಂತೆ. ನದಿ! ಪಕ್ಕದಲ್ಲೇ ಒಳ್ಳೆಯ ಕಾಲುದಾರಿ ಇರುವಾಗ ತನ್ನ ಹನ್ನೆರಡು ಜನರನ್ನೂ ನದಿಗೆ ಇಳಿಸುವವನು ಯಾರು? ಕೆಸರಿನಲ್ಲಿ ಹೆಜ್ಜೆ ಗುರುತು ಉಳಿಯಬಾರದು ಎಂದು ಮುಂದಾಲೋಚನೆ ಮಾಡುವವನು ಮಾತ್ರ. ಕಾಲುದಾರಿಯ ತಿರುವಿನಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಸೊಳ್ಳೆ ಕಚ್ಚಿಸಿಕೊಳ್ಳುತ್ತಿದ್ದ ನನ್ನವರ ಮುಖ ನೀವು ನೋಡಬೇಕಿತ್ತು.

ಅಡೆಲಿನ್‌ಳನ್ನು ಕರೆದು, "ನೋಡು, ಕಾಡಲ್ಲಿ ಹುಟ್ಟಿದವರ ಬುದ್ಧಿ ಅಂದ್ರೆ ಇದು" ಎಂದೆ. ಅವಳು ರವೆ ಕೇಕಿನ ಹಿಟ್ಟು ಕಲಸುತ್ತಿದ್ದಳು. "ಪಾಪ, ಹುಡುಗನಿಗೆ ದಾರಿ ತಪ್ಪಿರಬೇಕು ಒಸ್ಸಿ" ಎಂದಳು. ಅವಳಿಗೆ ಯುದ್ಧತಂತ್ರ ತಿಳಿಯುವುದಿಲ್ಲ. ಬರ್ನೀಸ್‌ಗೆ ತಿಳಿಯುತ್ತದೆ. ಅವಳು ನಕ್ಷೆ ನೋಡಿದವಳೇ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ಹೆಮ್ಮೆ ತಡೆಯಲಾಗಲಿಲ್ಲವೇನೋ.

ಒಂದು ತಿದ್ದುಪಡಿ. ನದಿಯಲ್ಲಿ ಒಂದು ನಡೆಗೆ ಎರಡೇ ಚೌಕ. ನಕ್ಷೆಯಲ್ಲಿ ನದಿಗೆ ಕಂದು ಬಣ್ಣ ಹಚ್ಚಿದ್ದು ಬೇಕೆಂದೇ. ನಮ್ಮ ನದಿಗಳು ನೀಲಿ ಇರುವುದನ್ನು ನಾನಂತೂ ಕಂಡಿಲ್ಲ.

ಒ. ಥೆಸೈರಾ

*

ಕುಚಿಂಗ್
ಏಪ್ರಿಲ್ 17, 1983

ಪ್ರಿಯ ಥೆಸೈರಾ ಅಂಕಲ್,

ಹೀಗೆ ಕರೆಯಬಹುದು ಎಂದು ಬರ್ನೀಸ್ ಬರೆದಿದ್ದಾಳೆ. ಆಟದ ಬಗ್ಗೆ ಅವಳು ಒಂದಕ್ಷರವನ್ನೂ ಬರೆಯುವುದಿಲ್ಲ, ಆ ಬಗ್ಗೆ ನೀವು ನಿಶ್ಚಿಂತೆಯಿಂದಿರಿ.

ನದಿಯ ವಿಷಯ ಮತ್ತೆ ಮತ್ತೆ ಓದಿದೆ. ನನ್ನವರನ್ನು ಒಂದು ಚೌಕ ಹಿಂದೆ ತಂದಿದ್ದೇನೆ. ನನ್ನ ತಂತ್ರದ ಬಗ್ಗೆ ಈಗ ಹೆಚ್ಚೇನೂ ಹೇಳಲಾರೆ. ಆಂಟಿಯವರು ಬಹಳ ಲೋಕಜ್ಞಾನ ಉಳ್ಳವರು ಎಂದಷ್ಟೇ ಹೇಳುತ್ತೇನೆ.

ಕಾಡಿನವನು ಎಂದು ನೀವು ಬರೆಯುವಾಗಲೆಲ್ಲ ನನಗೆ ಮುಜುಗರವಾಗುತ್ತದೆ. ನಮ್ಮ ತಾತನ ಊರು ಕಾಡಿನ ಅಂಚಿನಲ್ಲಿದೆ, ನಿಜ. ನಾನು ಬೆಳೆದದ್ದು ಕುಚಿಂಗ್ ಪೇಟೆಯಲ್ಲಿ, ಸಿನಿಮಾ ಟಾಕೀಸಿನ ಹಿಂದೆ. ಜಿಗಣೆ ಕಂಡರೆ ಓಡುತ್ತೇನೆ.

ನನ್ನವರು ನದಿ ಬಿಟ್ಟು ರಬ್ಬರ್ ತೋಟಕ್ಕೆ ಹತ್ತಿದ್ದಾರೆ. ಎಲ್ಲರ ಬೂಟಿನಲ್ಲೂ ನೀರು.

ಲೂಕಸ್

*

ತೈಪಿಂಗ್
ಮೇ 1, 1983

ಶ್ರೀ ಜೆರಿಪ್,

ಜಿಗಣೆ ಕಂಡರೆ ಓಡುತ್ತೀರಾ? ಇದನ್ನು ನಂಬಲು ನಾನೇನು ನಿನ್ನೆ ಹುಟ್ಟಿದವನೇ? ಶತ್ರುವಿಗೆ ಮಂಪರು ಹತ್ತಿಸುವ ಮಾತು ಇದು. ನನಗೆ ಹತ್ತಲಿಲ್ಲ.

ಟಟಟ! ರಬ್ಬರ್ ಹಾಳೆ ಒಣಗಿಸುವ ಶೆಡ್ಡಿನ ಹಿಂದಿನಿಂದ ನನ್ನ ಮೆಷಿನ್ ಗನ್ ಗುಂಡು ಹಾರಿಸುತ್ತಿದೆ, ನಿಮ್ಮ ಹಿಂದಿನ ಸಾಲಿನ ಮೇಲೆ. ಕಾಲುದಾರಿಯಿಂದ ಅಲ್ಲಿಗೆ ಓಡಿಬಂದಿದ್ದಾರೆ, ಪಾಪ, ಏದುಸಿರು ಬಿಡುತ್ತಿದ್ದಾರೆ. ದೂರದಿಂದ, ಆದ್ದರಿಂದ ಒಂದೇ ದಾಳ. ಉರುಳಿಸಿ ತಿಳಿಸಿ.

ಅಡೆಲಿನ್ ಕೇಳುತ್ತಾಳೆ, ನಿಮಗೆ ಖಾರ ಆಗುತ್ತದೆಯೇ? ಸಾಸಿವೆ, ವಿನೆಗರ್ ಹಾಕಿ ಅವಳು ಮಾಡುವ ದೇಬಾಲ್ ಸಾರು ತಿಂದು ಕಣ್ಣೀರು ಹಾಕದ ಗಂಡಸನ್ನು ನಾನು ಕಂಡಿಲ್ಲ. ಇದು ಆಟಕ್ಕೆ ಸಂಬಂಧಿಸಿದ್ದಲ್ಲ. ಅವಳು ಬರೆಯಲೇಬೇಕು ಎಂದಳು.

ಒ. ಥೆಸೈರಾ

*

ತೈಪಿಂಗ್
ಮೇ 29, 1983

ಶ್ರೀ ಜೆರಿಪ್,

ಉತ್ತರವಿಲ್ಲ. ನನ್ನ ಸ್ಟೇಷನ್ನಿಗೆ ಇಷ್ಟು ತಡವಾಗಿ ಒಂದು ಗೂಡ್ಸ್ ಗಾಡಿಯೂ ಬಂದದ್ದಿಲ್ಲ. ಇದು ನನ್ನ ನರಗಳ ಮೇಲೆ ನೀವು ಹೂಡಿದ ಯುದ್ಧವಾದರೆ, ಚೆನ್ನಾಗಿಯೇ ಹೂಡಿದ್ದೀರಿ. ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ಹೂಕುಂಡ ಸರಿಮಾಡುವ ನೆಪದಲ್ಲಿ ನಿಂತಿರುತ್ತೇನೆ.

"ಹುಡುಗನ್ನ ಹೆದರಿಸಿ ಓಡಿಸ್ಬಿಟ್ಯಾ?" ಎಂದು ಅಡೆಲಿನ್ ದಿನಕ್ಕೊಮ್ಮೆ ಕೇಳುತ್ತಾಳೆ. ಆರೋಗ್ಯ ತಾನೇ?

ಒ. ಥೆಸೈರಾ

*

ಕುಚಿಂಗ್
ಜೂನ್ 8, 1983

ಪ್ರಿಯ ಅಂಕಲ್,

ಕ್ಷಮಿಸಿ. ನಮ್ಮ ಸುಗ್ಗಿಹಬ್ಬ ಗವಾಯ್‌ಗೆ ಮೊದಲೇ ತಾತನ ಊರಿಗೆ ಹೋದವನು ಈಗ ಬಂದೆ. ಮನೆಗೆ ಹೊಸ ತಟ್ಟಿ ಹೆಣೆಯುವುದಿತ್ತು. ಹೋಗುವಾಗ ನಕ್ಷೆ, ಸೈನಿಕರು ಎಲ್ಲ ಬುಟ್ಟಿಯಲ್ಲಿಟ್ಟು ಒಯ್ದಿದ್ದೆ. ಅಂಚೆ ಮಾತ್ರ ಅಲ್ಲಿಂದ ಹೊರಡುವುದಿಲ್ಲ.

ಹಬ್ಬದ ದಿನ ಅಕ್ಕಿಯ ಮದ್ಯ ತುವಾಕ್ ಕುಡಿಯುತ್ತ ಕೂತಿದ್ದವರ ಮುಂದೆ ದಾಳ ಉರುಳಿಸಿದೆ. ಒಂದು ಬಿತ್ತು. ಒಬ್ಬನೇ ಮಲಗಿದ, ಉಳಿದವರು ಹನ್ನೊಂದು. ಇಡೀ ಮನೆ ಕೇಕೆ ಹಾಕಿತು. ನಮ್ಮ ಸೋದರಮಾವ ಬೇಟೆಗಾರ. ಅವನು ನಕ್ಷೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದ.

"ಇಷ್ಟೇನಾ ಕಾಡು? ಇದ್ರಲ್ಲಿ ಹಂದಿ ಎಲ್ಲಿ?"

"ಹಂದಿ ಇಲ್ಲ ಮಾವ. ಶತ್ರು ಇದ್ದಾನೆ."

"ಯಾರು ಶತ್ರು?"

"ಹೆಣ್ಣಿನ ಅಪ್ಪ."

"ಅಯ್ಯೋ, ಹಾಗಾದ್ರೆ ಸೋತುಬಿಡೋ ಮಾರಾಯ! ಹೆಣ್ಣಿನ ಅಪ್ಪನ್ನ ಗೆದ್ದು ಯಾವನು ಸುಖವಾಗಿದ್ದಾನೆ?"

ಮಾವನ ಮಾತು ಕೇಳುವ ಮನಸ್ಸು ನನಗಿಲ್ಲ, ಅಂಕಲ್. ನನಗೆ ಡಿಸೆಂಬರ್ ಬೇಕು. ಬರ್ನೀಸ್ ಇಲ್ಲಿಂದ ಹೋದ ಮೇಲೆ ಈ ಊರಲ್ಲಿ ಯಾರೂ ಕನ್ನಡಕವನ್ನೇ ಮುರಿಯುತ್ತಿಲ್ಲವೇನೋ ಎನಿಸಿಬಿಟ್ಟಿದೆ.

ನನ್ನ ನಡೆ: ಜೌಗಿನ ಮೇಲಿನ ಹಲಗೆ ಸೇತುವೆ ಹತ್ತಿದ್ದೇವೆ. ಇದನ್ನು ದಾಟಿದರೆ ಕಣಿವೆಯ ದಾರಿ, ಒಂದೇ ನಡೆಗೆ ಠಾಣೆ.

ಖಾರ ಆಗುತ್ತದೆ ಎಂದು ಆಂಟಿಗೆ ಹೇಳಿ. ಅಳುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುತ್ತೇನೆ.

ಲೂಕಸ್

*

ತೈಪಿಂಗ್
ಜೂನ್ 26, 1983

ಶ್ರೀ ಜೆರಿಪ್,

ಸೇತುವೆಯ ಆಚೆ ತುದಿಯ ಬಿದಿರು ಮೆಳೆಯಿಂದ ನನ್ನ ಮೆಷಿನ್ ಗನ್. ಹತ್ತಿರದಿಂದ. ಎರಡು ದಾಳ.

ಬೇರೆ ವಿಶೇಷವಿಲ್ಲ.

ಒ. ಥೆಸೈರಾ

*

ಕುಚಿಂಗ್
ಜುಲೈ 10, 1983

ಪ್ರಿಯ ಅಂಕಲ್,

ದಾಳ ಉರುಳಿಸಿದೆ. ಐದು ಮತ್ತು ನಾಲ್ಕು. ಒಂಬತ್ತು ಜನ ಮಲಗಿದರು.

ಫೂ ಅವರು ಪಕ್ಕದಲ್ಲೇ ಇದ್ದರು. "ಇನ್ನೊಂದ್ಸಲ ಎಸೆಯಯ್ಯಾ, ತೈಪಿಂಗಿನಿಂದ ಯಾರಿಗೆ ಕಾಣತ್ತೆ?" ಎಂದರು. ನನ್ನ ಮುಖ ನೋಡಿ ತಾವೇ ಹೋಗಿ ಕಾಫಿ ತಂದುಕೊಟ್ಟರು.

ಇಬ್ಬರು ಉಳಿದಿದ್ದಾರೆ, ಒಂದು ಪೆಟ್ಟಿಗೆ ಉಳಿದಿದೆ. ಆಚೆ ದಡ ಸೇರಿ ಹಲಗೆಯ ಕೆಳಗೆ ನುಸುಳಿ ಕೂತಿದ್ದಾರೆ. ಈ ನಡೆಗೆ ಇಷ್ಟೇ.

ಮನೆಯಲ್ಲಿ ಎಲ್ಲರೂ ಕ್ಷೇಮವೇ? ಹೋದ ಪತ್ರ ತುಂಬ ಚಿಕ್ಕದಿತ್ತು.

ಲೂಕಸ್

*

ತೈಪಿಂಗ್
ಆಗಸ್ಟ್ 7, 1983

ಲೂಕಸ್,

ತಡವಾಯಿತು. ಈ ಸಲ ತಡ ನನ್ನದು.

ನಿನ್ನ ಪತ್ರ ಬಂದ ಸಂಜೆ ಬರ್ನೀಸ್ ಹಿಂದಿನ ಕೋಣೆಗೆ ಬಂದು ಮೇಜಿನ ಎದುರು ಕೂತಳು.

"ಪಪ್ಪಾ, ಮೇ ತಿಂಗಳಲ್ಲಿ ನಿನ್ನ ಮೆಷಿನ್ ಗನ್ ರಬ್ಬರ್ ತೋಟದಲ್ಲಿತ್ತು."

"ಇತ್ತು."

"ಈಗ ಬಿದಿರು ಮೆಳೇಲಿದೆ."

"ಇದೆ."

"ನಡುವೆ ಇರೋದು ಜೌಗು. ಸೇತುವೆ ಮೇಲೆ ಅವನಿದ್ದ. ನಿನ್ನವರೇನು ಹಾರ್ಕೊಂಡು ಹೋದ್ರಾ?"

ಕಾಫಿ ಆರಿದೆ ಎಂದು ನಾನು ಅಡುಗೆಮನೆಗೆ ಎದ್ದುಹೋದೆ. ಅಲ್ಲಿ ಅಡೆಲಿನ್ ಇದ್ದಳು. "ಕಾಫಿ ಬಿಸಿಯಾಗೇ ಇದೆ ಒಸ್ಸಿ, ವಾಪಸ್ ಹೋಗು" ಎಂದಳು.

ಹೌದು, ಸುಳ್ಳು ಹೇಳಿದೆ. ಈ ಮೇಜಿನ ಮೇಲೆ ಇದುವರೆಗೆ ಒಂದು ಸುಳ್ಳನ್ನೂ ಹೇಳಿದವನಲ್ಲ, ಬರ್ನೀಸ್ ಏಳು ವರ್ಷದವಳಾಗಿ ನನ್ನನ್ನು ನೆಲಕಚ್ಚಿಸಿದ ದಿನವೂ ಹೇಳಲಿಲ್ಲ. ನಿನ್ನ ಹಬ್ಬದ ಪತ್ರ ಬಂದ ದಿನ ಅವಳು ಬಣ್ಣದ ಕುಂಚಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಕುಚಿಂಗಿಗೆ ಒಯ್ಯುವ ಟ್ರಂಕಿನಲ್ಲಿಟ್ಟಳು. ಜೂನ್ ತಿಂಗಳಿಗೇ! ಹಾಡು ಹೇಳಿಕೊಳ್ಳುತ್ತ ಇಟ್ಟಳು. ನನಗೆ ಗಂಡುಮಕ್ಕಳಿಬ್ಬರಿದ್ದಾರೆ, ಒಳ್ಳೆಯವರು, ಮುಂದಿನ ಬೀದಿಯಲ್ಲೇ ಮನೆ, ಭಾನುವಾರ ಮೊಮ್ಮಕ್ಕಳ ಸಮೇತ ಬಂದು ಮನೆ ತಲೆಕೆಳಗು ಮಾಡುತ್ತಾರೆ. ಆದರೆ ಒಬ್ಬನಿಗೂ ಈ ಕಾಡು ಬೇಡ. ಎದುರು ಕುರ್ಚಿಯಲ್ಲಿ ಕೂತು, ಗಲ್ಲಕ್ಕೆ ಕೈಕೊಟ್ಟು, ನಾನು ಎಲ್ಲಿ ಅಡಗಿದ್ದೇನೆಂದು ನನ್ನ ಮುಖ ನೋಡಿಯೇ ಹೇಳುವವಳು ಅವಳೊಬ್ಬಳೇ. ಇನ್ನೊಂದೇ ಒಂದು ವರ್ಷ ಸಿಗಲಿ ಎನಿಸಿತು. ಮೆಷಿನ್ ಗನ್ ಎತ್ತಿ ಜೌಗಿನ ಆಚೆ ಇಟ್ಟುಬಿಟ್ಟೆ.

ಆಮೇಲೆ ನಿನ್ನ ಐದು ಮತ್ತು ನಾಲ್ಕು ಬಂತು. ಒಂದು ಮತ್ತು ಒಂದು ಎಂದು ಬರೆಯುವುದಕ್ಕೇನಾಗಿತ್ತು ನಿನಗೆ? ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಆ ದಾಳಿ ರದ್ದು, ಮೆಷಿನ್ ಗನ್ ರಬ್ಬರ್ ತೋಟಕ್ಕೆ ವಾಪಸ್. ಮಲಗಿದ ಒಂಬತ್ತು ಜನರನ್ನೂ ಎಬ್ಬಿಸು. ಬೇಕಾದರೆ ಆಟವೇ ನಿನ್ನದು ಅನ್ನು. ಒಂದು ಮಾತ್ರ ಹೇಳು, ನಿನಗೆ ಗೊತ್ತಾಗಲಿಲ್ಲವೇ?

ಒಸ್ವಾಲ್ಡ್

*

ಕುಚಿಂಗ್
ಆಗಸ್ಟ್ 21, 1983

ಪ್ರಿಯ ಅಂಕಲ್,

ಗೊತ್ತಾಗಿತ್ತು. ನಕ್ಷೆಯ ಮೇಲೆ ಬೆರಳಿಟ್ಟ ಕೂಡಲೇ ಗೊತ್ತಾಯಿತು. ವಿಪರೀತ ಸಿಟ್ಟು ಬಂತು. ಇದು ಅನ್ಯಾಯ ಎಂದು ಒಂದು ಪುಟ ಬರೆದೆ, ಇಂಗ್ಲಿಷಿನಲ್ಲಿ ಬೈಯುವ ಪದಗಳನ್ನು ಫೂ ಅವರು ಸಂತೋಷದಿಂದ ಹೇಳಿಕೊಟ್ಟರು. ಅಂಚೆಗೆ ಹಾಕಲು ಹೊರಟವನು ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ನೀವು ಟಟಟ ಎಂದು ಸಂಭ್ರಮಪಡುವವರು, ಪೋಸ್ಟ್‌ಮ್ಯಾನ್‌ಗಾಗಿ ಗೇಟಿನಲ್ಲಿ ನಿಲ್ಲುವವರು. ಆ ಪತ್ರದಲ್ಲಿ ಖುಷಿಯೇ ಇರಲಿಲ್ಲ. ಗೆಲ್ಲುತ್ತಿರುವವನು ಹಾಗೆ ಬರೆಯುವುದಿಲ್ಲ ಎನಿಸಿತು.

ಬರ್ನೀಸ್ ಜೀವಮಾನವಿಡೀ ನನ್ನ ಜೊತೆ ಇರುತ್ತಾಳೆ. ನೀವು ಕೇಳುತ್ತಿದ್ದುದು ಒಂದು ವರ್ಷ. ನಿಮ್ಮವರು ಅಲ್ಲಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಗದ ಹರಿದು ದಾಳ ತೆಗೆದುಕೊಂಡೆ.

ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ನದಿಯನ್ನು ದಾರಿ ಎಂದುಕೊಂಡೆ. ನಕ್ಷೆಯಲ್ಲಿ ಕಂದಾಗಿತ್ತಲ್ಲ, ಒಳ್ಳೆಯ ಅಗಲವಾದ ಮಣ್ಣುರಸ್ತೆ ಎಂದು ನಡೆಸಿಬಿಟ್ಟೆ. ಸರವಾಕಿನಲ್ಲಿ ಹುಟ್ಟಿ ದಿನಾ ಕಂದು ನದಿ ನೋಡುವವನು! ಬರ್ನೀಸ್ ಹಿತ್ತಿಲಿಗೆ ಹೋದದ್ದು ಹೆಮ್ಮೆಯಿಂದಲ್ಲ ಅಂಕಲ್.

ಮಲಗಿದವರು ಏಳುವುದು ಬೇಡ. ದಾಳ ಬಿದ್ದದ್ದು ಬಿತ್ತು. ದಾನವಾಗಿ ಬಂದ ಗೆಲುವನ್ನು ಹಿಡಿದುಕೊಂಡು ನಿಮ್ಮ ಮಗಳ ಕೈ ಕೇಳಲಾರೆ. ನನ್ನ ಇಬ್ಬರೂ ಪೆಟ್ಟಿಗೆ ಹೊತ್ತು ಕಣಿವೆಯ ದಾರಿಯಲ್ಲಿ ಮೂರು ಚೌಕ ಹತ್ತುತ್ತಿದ್ದಾರೆ, ಠಾಣೆಯವರೆಗೆ. ನಿಮ್ಮ ಆರು ಬಂದೂಕಿನವರನ್ನು ಇಡೀ ಆಟದಲ್ಲಿ ನಾನು ಕಂಡೇ ಇಲ್ಲ. ಅವರು ಕಣಿವೆಯಲ್ಲಿದ್ದರೆ ಹೊಡೆಯಿರಿ. ಸೋತರೆ ಒಂದು ವರ್ಷ ಕಾಯುತ್ತೇನೆ. ಗೊಣಗುತ್ತೇನೆ, ಆದರೆ ಕಾಯುತ್ತೇನೆ.

ಲೂಕಸ್

*

ತೈಪಿಂಗ್
ಸೆಪ್ಟೆಂಬರ್ 4, 1983

ಪ್ರಿಯ ಲೂಕಸ್,

ಕಣಿವೆಯಲ್ಲಿ ನನ್ನವರು ಯಾರೂ ಇರಲಿಲ್ಲ. ಆ ಆರು ಜನ ಶತಮೂರ್ಖರು ಮೊದಲ ದಿನದಿಂದ ದೋಣಿಕಟ್ಟೆಯ ಹತ್ತಿರವೇ ಕಾದು ಕೂತಿದ್ದಾರೆ. ನಿನ್ನ ಇಬ್ಬರೂ ಠಾಣೆ ಸೇರಿದರು, ಪೆಟ್ಟಿಗೆ ತಲುಪಿತು. ನೀನು ಗೆದ್ದೆ, ಶಹಬ್ಬಾಸ್.

ಕ್ರಿಸ್‌ಮಸ್ ಮುಗಿದ ಮೇಲಿನ ಶನಿವಾರ, ಡಿಸೆಂಬರ್ 31. ಪಾದ್ರಿಗಳ ಹತ್ತಿರ ನಾನೇ ಹೋಗಿ ದಿನ ಗೊತ್ತುಮಾಡಿ ಬಂದೆ. ಬರ್ನೀಸ್‌ಗೆ ಹೇಳಿದಾಗ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕೊರಳಿಗೆ ಜೋತುಬಿದ್ದಳು. ಈ ಸಲ ಕನ್ನಡಕ ಮುರಿಯಲಿಲ್ಲ, ಗಮನಿಸು. ನನ್ನ ಒಪ್ಪಿಗೆ ಇದೆ, ಲೂಕಸ್. ಮನಸಾರೆ ಇದೆ.

ಮದುವೆಯಾದ ಮೇಲೆ ನೀವಿಬ್ಬರೂ ಒಂದು ಕಡೆ, ನಾನೊಬ್ಬ ಒಂದು ಕಡೆ. ಒಂದು ಪತ್ರಕ್ಕೆ ಒಂದು ನಡೆ. ಉತ್ತರ ತಡವಾದರೆ ಸುಮ್ಮನಿರುವುದಿಲ್ಲ.

ನಿನ್ನ ಮಾವ,
ಒಸ್ವಾಲ್ಡ್

ಲೂಕಸ್ ಮಗನೇ, ನಾನು ಅಡೆಲಿನ್. ಅಂಚೆಗೆ ಹಾಕು ಎಂದು ಲಕೋಟೆ ಅಂಟಿಸದೆ ನನ್ನ ಕೈಗೆ ಕೊಟ್ಟು ಕೋಟಿನ ಅಳತೆಗೆ ದರ್ಜಿ ಹತ್ತಿರ ಹೋಗಿದ್ದಾನೆ, ಅದಕ್ಕೇ ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದೇನೆ. ನಿನ್ನ ಮಾವ ಮತ್ತೆ ಸುಳ್ಳು ಹೇಳಿದ್ದಾನೆ. ಆ ಕೋಣೆಯ ಧೂಳು ಹೊಡೆಯುವವಳು ನಾನು. ಆರು ಜನವೂ ಏಪ್ರಿಲ್‌ನಿಂದ ಕಣಿವೆಯ ಬಂಡೆಯ ಹಿಂದೆ ಅಡಗಿ ಕೂತಿದ್ದರು, ಬಂದೂಕು ದಾರಿಯ ಕಡೆಗೆ. ನಿನ್ನ ಪತ್ರ ಓದಿ ಬಹಳ ಹೊತ್ತು ಅವರನ್ನೇ ನೋಡುತ್ತ ಕೂತಿದ್ದ. ಆಮೇಲೆ ಒಬ್ಬೊಬ್ಬನನ್ನೇ ಎತ್ತಿ, ಹುಬ್ಬಿನ ಮೇಲಿನ ಧೂಳು ಊದಿ, ದೋಣಿಕಟ್ಟೆಯ ಹತ್ತಿರ ಇಟ್ಟ. ನಾನು ಬಾಗಿಲಲ್ಲಿ ನಿಂತಿದ್ದು ಅವನಿಗೆ ಗೊತ್ತಿಲ್ಲ. ನೀನೂ ಏನೂ ಗೊತ್ತಿಲ್ಲದವನ ಹಾಗೆ ಇರು, ಗೆದ್ದವನ ಹಾಗೇ ಬಾ.